ಗಾಳಿಯ ಕಣ್ಣು, ಬೆಳಕಿನ ಕಿಂಡಿ

ತಂಗಿ ಬಾಗಲಕೋಟೆಯಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ತೋರಿಸಿದಳು. "ಮ್ಯಾಲೆ ಬೆಳಕಿಂಡಿ ಬಿಡಿಸೀಯೇನು?" ಅಂದೆ. "ಅದೇನ ಹಳೇ ಮಂದಿ ಮಾತು ಅಣ್ಣಾ, ಸ್ಕೈಲೈಟ್ ಅನ್ನು" ಎಂದು ನಕ್ಕಳು. ಮನಸ್ಸಿಗೆ ಚುಚ್ಚಿತು.

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಚಳಿಗಾಲಕ್ಕೆ ಮುಂಚೆ ಕಿಟಕಿ ಚೌಕಟ್ಟು ರಿಪೇರಿಗೆ ವಯಸ್ಸಾದ ಬಡಗಿಯೊಬ್ಬರು ಬಂದಿದ್ದರು. ಹಳೇ ಬಣ್ಣ ಕೆರೆಯುತ್ತಾ, 'ವಿಂಡೋ' ಅಂದರೆ ಏನು ಗೊತ್ತಾ ಎಂದು ಕೇಳಿದರು. ಮೂಲ ನಾರ್ಸ್ ಭಾಷೆಯ 'ವಿಂಡೌಗ'. ಮೊದಲರ್ಧ ಗಾಳಿ, 'ಔಗ' ಅಂದರೆ ಕಣ್ಣು. ಗಾಳಿಯ ಕಣ್ಣು! ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದು 866ರಲ್ಲಿ ಈ ಊರನ್ನು ಗೆದ್ದ ವೈಕಿಂಗರ ಮಾತದು. ಅವರ ಮನೆಗೆ ಗಾಜೆಲ್ಲಿತ್ತು? ಗಾಳಿ ಆಡಲು, ಹೊಗೆ ಹೋಗಲು ಬಿಟ್ಟ ಬರೀ ತೂತು.

ನನಗೆ ಅಜ್ಜಿಯ ಮಾಳಿಗೆ ಮನೆ ಕಣ್ಮುಂದೆ ಬಂತು. ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಒಲೆಯ ಹೊಗೆ ಸುತ್ತುತ್ತಾ ಮೇಲೇರುತ್ತಿತ್ತು. ನಾಲ್ಕು ಹನಿ ಬಿದ್ದರೆ ಸಾಕು, "ಬೆಳಕಿಂಡಿ ಮುಚ್ಚ್ರೋ" ಎಂದು ಅಜ್ಜಿ ಕೂಗುತ್ತಿದ್ದಳು. ನಾವು ಏಣಿ ಹತ್ತಿ ಓಡಿ ಕಲ್ಲು ಎಳೆಯುತ್ತಿದ್ದೆವು. ಸಂಸ್ಕೃತದ ಗವಾಕ್ಷದಲ್ಲೂ ಕಣ್ಣಿದೆ, ಗೋವಿನದು. ನಮ್ಮವರು ಮಾತ್ರ ಬೆಳಕನ್ನೇ ನೆನೆದು ಹೆಸರಿಟ್ಟರು. ಎಷ್ಟು ಚಂದ ಅಲ್ವಾ?

ಇಲ್ಲಿ ಒಬ್ಬ ಬಡಗಿಗೆ ತಾನು ದಿನಾ ಮುಟ್ಟುವ ವಸ್ತುವಿನ ಹೆಸರಿನ ವಂಶ ಗೊತ್ತು. ಅಕ್ಕರೆಯಿಂದ ಹೇಳುತ್ತಾರೆ. ನಮ್ಮಲ್ಲಿ ಕೇಳಿದರೆ "ಅದೆಲ್ಲ ಪಂಡಿತರ ಕೆಲಸ ಬಿಡು" ಅನ್ನುತ್ತಾರೆ. ಹೊರಗಿನ ಪದ ಬಂದಿದ್ದಕ್ಕೆ ನನಗೆ ಬೇಜಾರಿಲ್ಲ. 'ಕಿಟಕಿ'ಯೂ ಹೊರಗಿನಿಂದ ಬಂದದ್ದೇ. ತಂಗಿಯ ಸ್ಕೈಲೈಟ್‌ನ 'ಸ್ಕೈ' ಕೂಡ ನಾರ್ಸ್‌ನಿಂದ ಇಂಗ್ಲಿಷಿಗೆ ಬಂತು. ಅಲ್ಲಿ ಅದಕ್ಕೆ ಮೋಡ ಎಂದರ್ಥ. ತರಲಿ, ಬೇಕಾದಷ್ಟು ತರಲಿ. ಮನೆಯಲ್ಲೇ ಇದ್ದ ಮಾತಿಗೆ ನಾಚುವುದು ಯಾಕೆ?

ಆದರೂ ಒಂದು ಮಾತು ಹೇಳಲೇಬೇಕು. ಇಂಗ್ಲಿಷರೂ ತಮ್ಮದನ್ನು ಬಿಟ್ಟವರೇ. ಹಳೇ ಇಂಗ್ಲಿಷಿನಲ್ಲಿ ಕಿಟಕಿಗೆ 'ಕಣ್ಣುತೂತು' ಎಂಬರ್ಥದ ಸ್ವಂತ ಪದವಿತ್ತು. ವಿಂಡೋ ಬಂದ ಮೇಲೆ ಅದು ಹೋಯಿತು. ಆ 'ತೂತು' ಈಗ ಉಳಿದಿರುವುದು ಮೂಗಿನ ಹೊಳ್ಳೆಯ 'ನಾಸ್ಟ್ರಿಲ್'ನ ಬಾಲದಲ್ಲಿ. ಆ ಬಡಗಿಯಂಥವರೂ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಎದುರುಮನೆ ಹುಡುಗಿಗೆ ವಿಂಡೋದೊಳಗೆ ಯಾವ ಕಣ್ಣೂ ಕಾಣುವುದಿಲ್ಲ.

ಅವತ್ತು ತಂಗಿ ಫೋನ್ ಇಡುವ ಮೊದಲು ಅವಳ ಏಳು ವರ್ಷದ ಮಗ ನಡುವೆ ತೂರಿ ಬಂದ. "ಮಾಮಾ, ಬೆಳಕಿಂಡಿ ಅಂದ್ರ ಬೆಳಕು ಬರೋ ಕಿಂಡಿ, ಹೌದಲ್ಲ?" ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.