ಅಜ್ಜ ಸತ್ತಿದ್ದಕ್ಕೆ ತಕರಾರು ಇದೆಯೇ?

ಕಂದಾಯ ಇಲಾಖೆಗೆ ಕೊನೆಗೂ ಗೊತ್ತಾಗಿದೆ. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಿನಲ್ಲೇ ಇವೆಯಂತೆ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಮಾಲೀಕರು ಮಾತ್ರ ಎಲ್ಲೂ ಪತ್ತೆಯಿಲ್ಲ. ವಿಚಾರಿಸಿದರೆ, ಅವರೆಲ್ಲ ತಮ್ಮ ತಮ್ಮ ಹೊಲದ ಮೂಲೆಯಲ್ಲೇ ಮಣ್ಣಾಗಿ ಮೂವತ್ತು ನಲವತ್ತು ವರ್ಷವಾಗಿದೆ. ಯಾವ ಊರಿನ ಅರಳಿಕಟ್ಟೆಯಲ್ಲಿ ಕೇಳಿದ್ದರೂ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹೇಳುತ್ತಿದ್ದರು. ಇರಲಿ, ಈಗಲಾದರೂ ಗೊತ್ತಾಯಿತಲ್ಲ. ಇ-ಪೌತಿ ಆಂದೋಲನ ಶುರುವಾಗಿದೆ, ಗ್ರಾಮ ಆಡಳಿತ ಅಧಿಕಾರಿಗಳೇ ಮನೆಬಾಗಿಲಿಗೆ ಬಂದು ವಾರಸುದಾರರ ಹೆಸರಿಗೆ ಖಾತೆ ಮಾಡಿಕೊಡುತ್ತಾರೆ. ಒಳ್ಳೆಯ ಕೆಲಸ, ಕೊಂಕಿಲ್ಲದೆ ಹೇಳುತ್ತಿದ್ದೇನೆ. ಕೊಂಕು ಶುರುವಾಗುವುದು ಬಂದವರು ಚಾಪೆ ಮೇಲೆ ಕೂತು ನೀರು ಕುಡಿದು ಕೇಳುವ ಮೊದಲ ಪ್ರಶ್ನೆಯಿಂದ: ‘ಡೆತ್ ಸರ್ಟಿಫಿಕೇಟ್ ಎಲ್ಲಿ?’

ನಿಮ್ಮಜ್ಜ ತೀರಿಕೊಂಡದ್ದು ಎಮರ್ಜೆನ್ಸಿ ವರ್ಷದಲ್ಲಿ, ಮನೆಯ ಪಡಸಾಲೆಯಲ್ಲಿ. ಊರಿಗೆ ಊರೇ ಹೆಗಲು ಕೊಟ್ಟಿದೆ. ತಿಥಿಯ ದಿನ ಪಾಯಸ ಸಾಲದೆ ಹುಟ್ಟಿದ ಜಗಳ ಬೀಗರ ನಡುವೆ ಇವತ್ತಿಗೂ ಆರಿಲ್ಲ. ಆದರೆ ಯಾರೊಬ್ಬರೂ ಚಾವಡಿಗೆ ಹೋಗಿ ‘ಸ್ವಾಮಿ, ನಮ್ಮಪ್ಪ ಹೋಗಿಬಿಟ್ಟರು, ಬರೆದುಕೊಳ್ಳಿ’ ಎನ್ನಲಿಲ್ಲ. ಹೇಳಬೇಕಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮಲ್ಲಿ 1970ರ ಏಪ್ರಿಲ್‌ನಿಂದಲೇ ಜಾರಿಯಲ್ಲಿತ್ತು. ಸತ್ತ 21 ದಿನದೊಳಗೆ ತಿಳಿಸಬೇಕು. 30 ದಿನ ದಾಟಿದರೆ ಮೇಲಿನವರ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ತಡವಾದದ್ದಕ್ಕೆ 1999ರ ನಿಯಮದಲ್ಲಿದ್ದ ಶುಲ್ಕ ಕ್ರಮವಾಗಿ 2, 5 ಮತ್ತು 10 ರೂಪಾಯಿ. ಕರುಣಾಮಯಿ ಸರ್ಕಾರ. ಆ ಹತ್ತು ರೂಪಾಯಿ ಕಟ್ಟುವ ಭಾಗ್ಯ ಸಿಗಬೇಕಾದರೆ ವಕೀಲರಿಗೆ, ನೋಟರಿಗೆ, ಟೈಪಿಸ್ಟಿಗೆ, ಪೇಪರಿನವರಿಗೆ ಎಷ್ಟು ಸಾವಿರ ಹೋಗುತ್ತದೆ ಎಂಬುದನ್ನು ನಿಯಮದಲ್ಲಿ ಬರೆದಿಲ್ಲ.

ಮ್ಯಾಜಿಸ್ಟ್ರೇಟರು ಎಂದೆನಲ್ಲ, ಯಾವ ಮ್ಯಾಜಿಸ್ಟ್ರೇಟರು ಎಂದು ಕೇಳಬೇಡಿ. ಮೊದಲು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟು. 2022ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಇನ್ನು ಮುಂದೆ ಎ.ಸಿ. ಸಾಹೇಬರೇ, ಅಂದರೆ ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿಯೇ, ನೋಡಿಕೊಳ್ಳುತ್ತಾರೆ ಎಂದಿತು. ಮೂಲ ಕಾಯ್ದೆಯಲ್ಲಿ ಇಲ್ಲದ್ದನ್ನು ನಿಯಮದಲ್ಲಿ ತುರುಕಲು ಬರುವುದಿಲ್ಲ ಎಂದು ಹೈಕೋರ್ಟು ಅದನ್ನು ಹೊಡೆದುಹಾಕಿತು. ಅಜ್ಜ ವಾಪಸ್ ಕೋರ್ಟಿಗೆ. 2023ರಲ್ಲಿ ಕೇಂದ್ರವೇ ಕಾಯ್ದೆ ತಿದ್ದಿ, ಜಿಲ್ಲಾಧಿಕಾರಿ, ಉಪವಿಭಾಗದ ಮ್ಯಾಜಿಸ್ಟ್ರೇಟರು, ಇಲ್ಲವೇ ಜಿಲ್ಲಾಧಿಕಾರಿ ಹೇಳಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಎಂದಿತು. ಅಜ್ಜ ಮತ್ತೆ ಎ.ಸಿ. ಆಫೀಸಿಗೆ. ಬದುಕಿದ್ದಾಗ ಸಂತೆಗೆ ಬಿಟ್ಟು ಬೇರೆಲ್ಲಿಗೂ ಹೋಗದ ಮನುಷ್ಯ ಸತ್ತ ಮೇಲೆ ಇಷ್ಟು ಓಡಾಡಿದ್ದಾರೆ.

ಈ ಅರ್ಜಿಗಳಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಪೇಪರ್ ಪಬ್ಲಿಕೇಷನ್. ಜಿಲ್ಲಾ ಪತ್ರಿಕೆಗಳ ಒಳಪುಟದಲ್ಲಿ, ಬೋರ್‌ವೆಲ್ ಲಾರಿ ಮತ್ತು ಮೂಲವ್ಯಾಧಿ ಜಾಹೀರಾತಿನ ನಡುವೆ ಬಂದಿರುತ್ತದೆ. ‘ಅರ್ಜಿದಾರರ ತಾತನವರು ಇಂಥ ದಿನಾಂಕದಂದು ಮೃತಪಟ್ಟಿದ್ದು, ಸದರಿ ಮರಣದ ಬಗ್ಗೆ ಯಾರದಾದರೂ ತಕರಾರು ಇದ್ದಲ್ಲಿ ಖುದ್ದು ಹಾಜರಾಗಿ ತಿಳಿಸತಕ್ಕದ್ದು, ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು.’ ಸಾವಿನ ಬಗ್ಗೆ ತಕರಾರು ಯಾರಿಗಿಲ್ಲ ಹೇಳಿ? ಆದರೆ ನ್ಯಾಯವಾಗಿ ಹೇಳುವುದಾದರೆ ಖುದ್ದು ಹಾಜರಾಗಿ ತಕರಾರು ಎತ್ತುವ ಪೂರ್ಣ ಹಕ್ಕು ಇರುವುದು ಅಜ್ಜನಿಗೊಬ್ಬನಿಗೇ. ಅವನು ಬರಲಿಲ್ಲ ಎಂದರೆ ಸತ್ತಿದ್ದಾನೆ. ಏಕಪಕ್ಷೀಯ.

ಉಳಿದವರ ತಕರಾರು ತಾರೀಖಿನ ಮೇಲೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರ ಜೂನ್ 17ಕ್ಕೆ. ಮುತ್ತಜ್ಜ ಅದಕ್ಕೆ ಮುಂಚೆ ಕಣ್ಣು ಮುಚ್ಚಿದನೋ ಆಮೇಲೋ ಎನ್ನುವುದರ ಮೇಲೆ ಹೆಣ್ಣುಮಕ್ಕಳ ಪಾಲು ನಿಂತಿದೆ. ಹಾಗಾಗಿ ಒಂದೇ ಮನೆಯಲ್ಲಿ ಗಂಡುಮಕ್ಕಳ ಕಡೆಯವರ ಮುತ್ತಜ್ಜ 1955ರಲ್ಲಿ, ಸೋದರತ್ತೆಯರ ಕಡೆಯವರ ಮುತ್ತಜ್ಜ 1957ರಲ್ಲಿ ತೀರಿಕೊಂಡಿರುತ್ತಾನೆ. ಎರಡಕ್ಕೂ ಸಾಕ್ಷಿಗಳು ಸಿಗುತ್ತಾರೆ, ಕೆಲವೊಮ್ಮೆ ಅವರೇ ಸಿಗುತ್ತಾರೆ.

ತಾರೀಖು ನೋಡಬೇಕೆಂದರೆ ರಿಜಿಸ್ಟರ್ ನೋಡಬೇಕು. ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಬಹುದು. ಹುಡುಕಿಸುವ ಅರ್ಜಿಯಲ್ಲಿ ಸತ್ತ ದಿನಾಂಕ ತುಂಬಬೇಕು. ಆ ದಿನಾಂಕ ತಿಳಿಯಲೆಂದೇ ಹುಡುಕಿಸುತ್ತಿದ್ದೇವೆ ಎಂದರೆ ಕೌಂಟರಿನ ಹುಡುಗ ನಮ್ಮನ್ನೇ ಕನಿಕರದಿಂದ ನೋಡುತ್ತಾನೆ. ಅಜ್ಜಿಯನ್ನು ಕೇಳಿದರೆ ಉತ್ತರ ತಕ್ಷಣ ಬರುತ್ತದೆ: ಎಮರ್ಜೆನ್ಸಿ ವರ್ಷ, ಭಾದ್ರಪದ ಬಹುಳ ತ್ರಯೋದಶಿ, ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ. ಪಂಚಾಂಗ ನೋಡಿದರೆ ಇಸವಿ ತಾರೀಖು ಎರಡೂ ಸಿಗುತ್ತವೆ. ಕಂಪ್ಯೂಟರಿನಲ್ಲಿ ಬಹುಳ ತ್ರಯೋದಶಿಗೆ ಜಾಗವಿಲ್ಲ.

ಒಮ್ಮೆ ತಾಲ್ಲೂಕು ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇಂಥದ್ದೊಂದು ಪುಸ್ತಕ ನೋಡಿದ್ದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಮೊದಲು ಹೊರಬಂದದ್ದು ಒಂದು ಜಿರಳೆ. ನೀಲಿ ಮಸಿಯ ದುಂಡನೆಯ ಅಕ್ಷರ, ನೋಡಲು ಚೆಂದ. ಸತ್ತವರ ಹೆಸರಿನ ಕಾಲಂನಲ್ಲಿ ಒಂದು ಕಡೆ ‘ತಿಮ್ಮನ ಹೆಂಡತಿ’ ಎಂದಷ್ಟೇ ಇತ್ತು. ಕಾರಣದ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಜ್ವರ, ಜ್ವರ, ಜ್ವರ, ನಡುವೆ ಒಂದೇ ಒಂದು ‘ಹಾವು’. ಮುಂದಿನ ಹಾಳೆಗಳ ನಡುಭಾಗವೇ ಇರಲಿಲ್ಲ. ಆ ಹೋಬಳಿಯಲ್ಲಿ ಮಾರ್ಚ್ ತಿಂಗಳು ಸತ್ತವರನ್ನೆಲ್ಲ ಗೆದ್ದಲು ಬದುಕಿಸಿಬಿಟ್ಟಿತ್ತು. ವಂಶದ ಕಾಯಿಲೆ ಯಾವುದು ಎಂದು ತಿಳಿಯಲು ಹೋಗುವವರಿಗೆ ಇನ್ನೊಂದು ಸುದ್ದಿ: ಅದೇ 17ನೇ ಕಲಂ, ಕೊಡುವ ನಕಲಿನಲ್ಲಿ ಸಾವಿನ ಕಾರಣ ಕಾಣಿಸಬಾರದು ಎನ್ನುತ್ತದೆ. ಹಾವಿನ ಮಾನ ಉಳಿಯಿತು.

ಇಷ್ಟು ಹೊತ್ತಿಗೆ ನನಗೆ ಆತಕೂರಿನ ನಾಯಿ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಗಂಗ ಬೂತುಗನ ಕಡೆಯ ಮಣಲೇರನೆಂಬ ವೀರನಿಗೆ ‘ಮೆಚ್ಚಿದೆ, ಬೇಡು’ ಎಂದರಂತೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಕಾಳಿ ಎಂಬ ನಾಯಿ ಕೊಡಿ ಎಂದ. ಆ ಕಾಳಿಯನ್ನು ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಹಂದಿ ನಾಯಿ ಕಾದಾಡುವುದನ್ನು ಕೆತ್ತಿಸಿದ, ಕಲ್ಲಿನ ಪೂಜೆಗೆ ಜಮೀನು ಬಿಡಿಸಿದ. ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಈಗ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಮನಿಸಿ: ಮೃತರ ಹೆಸರು, ಮಾಲೀಕರ ಹೆಸರು, ಸ್ಥಳ, ದಿಕ್ಕು, ಶಕವರ್ಷ, ಸಾವಿನ ಕಾರಣ, ಮೇಲಾಗಿ ಕರ್ತವ್ಯಲೋಪ ಮಾಡಿದ ಸಿಬ್ಬಂದಿಗೆ ಶಿಕ್ಷೆ. ಒಂದು ನಾಯಿಗೆ, ಸಾವಿರ ವರ್ಷದ ಹಿಂದೆ, ಪೇಪರ್ ಪಬ್ಲಿಕೇಷನ್ ಇಲ್ಲದೆ. 1975ರ ನಮ್ಮಜ್ಜನಿಗೆ ಕಾಳಿಯ ಯೋಗ್ಯತೆಯೂ ಇಲ್ಲವೇ ಎಂದರೆ, ಇಲ್ಲ. ಅವನಿಗಿರುವುದು ನಮೂನೆ 10. ಹುಡುಕಿದೆವು, ದಾಖಲೆ ಲಭ್ಯವಿಲ್ಲ ಎನ್ನುವ ಪತ್ರ.

ವಂಶಾವಳಿ ಬೇಕಾದವರಿಗೆ ನಮ್ಮಲ್ಲಿ ಹೆಳವರಿದ್ದರು, ಈಗಲೂ ಕೆಲವೆಡೆ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ನಿಮ್ಮ ಮನೆತನದ ಮೂಲಪುರುಷನಿಂದ ಹಿಡಿದು ಕಳೆದ ಸಲ ಹುಟ್ಟಿದ ಕೂಸಿನವರೆಗೆ ಹೇಳಿ, ಕಾಳು ಕಡಿ ಇಸಿದುಕೊಂಡು, ಹೊಸ ಹೆಸರುಗಳನ್ನು ಪುಸ್ತಕಕ್ಕೆ ಏರಿಸಿಕೊಂಡು ಹೋಗುತ್ತಿದ್ದರು. ಸರ್ವರ್ ಡೌನ್ ಎಂದು ಯಾವ ಹೆಳವನೂ ಹೇಳಿದ್ದು ಕೇಳಿಲ್ಲ. ಆದರೆ ಅವನಿಗೆ ಡಿಜಿಟಲ್ ಸಹಿ ಇಲ್ಲವಲ್ಲ. ಅತ್ತ ಬೆಂಗಳೂರು ದಂಡಿನಲ್ಲಿ ಕಾಲರಾದಿಂದ ಸತ್ತ ಇಂಗ್ಲಿಷ್ ಸಿಪಾಯಿಯ ಮರಿಮಗನಿಗೆ ಈ ತಾಪತ್ರಯವೇ ಇಲ್ಲ. ಅವರ ಪಾದ್ರಿಗಳು ಹೂಳಿದವರ ಪಟ್ಟಿಯನ್ನು ಮದ್ರಾಸಿನಿಂದ ಲಂಡನ್ನಿಗೆ ಕಳಿಸುತ್ತಿದ್ದರು, ಅದು ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಭದ್ರವಾಗಿದೆ. ಅಲ್ಲೇ ಕೂತು ಮುತ್ತಾತನನ್ನು ಹುಡುಕಿಕೊಳ್ಳುತ್ತಾನೆ. ನಾವು ಇಲ್ಲಿ ಜೆರಾಕ್ಸ್ ಅಂಗಡಿ ಮುಂದೆ ನಿಂತಿರುತ್ತೇವೆ.

ಉತ್ತರ ಪ್ರದೇಶದವರದು ಇನ್ನೊಂದು ಬಗೆ. ಆಜಂಗಢದ ಲಾಲ್ ಬಿಹಾರಿಯನ್ನು ಸಂಬಂಧಿಕರು ಜಮೀನಿಗಾಗಿ ದಾಖಲೆಯಲ್ಲಿ ಸಾಯಿಸಿದರು. ಆತ ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡು, ತನ್ನಂಥವರದೇ ಮೃತಕ ಸಂಘ ಕಟ್ಟಿ ಹೋರಾಡಿ, 1994ರಲ್ಲಿ ಮತ್ತೆ ಜೀವಂತನಾದ. 2003ರಲ್ಲಿ ಇಗ್ ನೊಬೆಲ್ ಎಂಬ ಅಣಕು ನೊಬೆಲ್‌ನ ಶಾಂತಿ ಪ್ರಶಸ್ತಿಯೂ ಬಂತು. ಅಲ್ಲಿ ಬದುಕಿದ್ದೇನೆ ಎಂದರೆ ನಂಬುವುದಿಲ್ಲ, ಇಲ್ಲಿ ಸತ್ತಿದ್ದಾನೆ ಎಂದರೆ ನಂಬುವುದಿಲ್ಲ. ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕಾದ ಪಿಂಚಣಿದಾರರಂತೂ ಪ್ರತಿ ನವೆಂಬರಿನಲ್ಲಿ ಎರಡರ ನಡುವೆ ತೂಗಾಡುತ್ತಾರೆ.

ಇನ್ನು ಹೆಸರಿನ ಪ್ರಶ್ನೆ. ಪಹಣಿಯಲ್ಲಿ ತಿಮ್ಮೇಗೌಡ ಬಿನ್ ಸಣ್ಣಪ್ಪ. ಕ್ರಯಪತ್ರದಲ್ಲಿ ತಿಮ್ಮಯ್ಯ. ಮತದಾರರ ಪಟ್ಟಿಯಲ್ಲಿ ತಿಮ್ಮಪ್ಪ. ಊರವರ ಬಾಯಲ್ಲಿ ಕುಂಟ ತಿಮ್ಮ. ಈ ನಾಲ್ವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು, ಪಂಚರು ಮಹಜರಿಗೆ ಸಹಿ ಹಾಕಬೇಕು, ವಂಶವೃಕ್ಷಕ್ಕೆ ಬೇರೆ ಅರ್ಜಿ. ಇಷ್ಟು ಕಾಲಂಗಳ ನಡುವೆ ಮೃತರ ಆಧಾರ್ ಸಂಖ್ಯೆ ಎಂಬುದೂ ಒಂದಿರುತ್ತದೆ. ಮೊದಲ ಆಧಾರ್ ಕಾರ್ಡು ಬಂದದ್ದು 2010ರಲ್ಲಿ. ಅಜ್ಜ ಮೂವತ್ತೈದು ವರ್ಷ ಅವಸರಪಟ್ಟ.

ನಗುವುದು ಸಾಕು. ನೋಂದಣಿ ಮಾಡಿಸಲಿಲ್ಲ ಎನ್ನುವುದು ಒಂದು ಮಾತು, ಒಪ್ಪೋಣ. ಆದರೆ ಮಾಡಿಸಿದವರ ಗತಿಯೂ ಇದೇ ಅಲ್ಲವೇ? ಆ ಪುಸ್ತಕ ಬರೆದವನು ಸರ್ಕಾರದ ನೌಕರ, ಇಟ್ಟದ್ದು ಸರ್ಕಾರದ ಕಪಾಟಿನಲ್ಲಿ, ಸೋರಿದ್ದು ಸರ್ಕಾರದ ಹೆಂಚು. ನಮ್ಮಜ್ಜ ಅದನ್ನು ಸ್ಮಶಾನಕ್ಕೆ ಕಟ್ಟಿಕೊಂಡು ಹೋಗಿಲ್ಲ. ಕಳೆದವರು ನೀವು. ಕಳೆದದ್ದಕ್ಕೆ ‘ಲಭ್ಯವಿಲ್ಲ’ ಎಂದು ಬರೆದುಕೊಡಲು ಶುಲ್ಕ ತೆಗೆದುಕೊಳ್ಳುವವರೂ ನೀವೇ. ಆ ಚೀಟಿ ಹಿಡಿದು, ಎಂಬತ್ತು ದಾಟಿದ ವಿಧವೆ ಎ.ಸಿ. ಆಫೀಸಿನ ಮೆಟ್ಟಿಲು ಹತ್ತಿ, ಗಂಡ ಸತ್ತಿದ್ದು ನಿಜ ಎಂದು ಯಾರ ಯಾರ ಮುಂದೆಯೋ ಹೇಳಬೇಕು. ಐವತ್ತು ವರ್ಷದಿಂದ ಕುಂಕುಮವಿಲ್ಲದ ಹಣೆಯನ್ನು ಸಾಕ್ಷಿಯಾಗಿ ಸ್ವೀಕರಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ, ಗೊತ್ತು. ಕೂರಲು ಒಂದು ಕುರ್ಚಿ ಕೊಡಲು ಯಾವ ಕಲಂ ಬೇಕು?

ಕೊನೆಗೆ ಆದೇಶ ಬರುತ್ತದೆ, ಬರುವುದಿಲ್ಲ ಎಂದೇನಿಲ್ಲ. ಜನನ ಮರಣ ನೋಂದಣಿಯ ಸರ್ಕಾರಿ ತಂತ್ರಾಂಶ ಇ-ಜನ್ಮದಲ್ಲಿ ದಾಖಲಾಗಿ, ಕ್ಯೂಆರ್ ಕೋಡ್ ಸಮೇತ ಗರಿಗರಿ ಸರ್ಟಿಫಿಕೇಟ್ ಕೈಗೆ ಸಿಗುತ್ತದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಅಜ್ಜನ ಹೆಸರಿನ ಮುಂದೆ ‘ಲಿಂಗ: ಸ್ತ್ರೀ’ ಎಂದಿರುತ್ತದೆ. ಗಾಬರಿ ಬೇಡ. ತಿದ್ದುಪಡಿಗೆ 15ನೇ ಕಲಂ ಇದೆ. ಬೇರೆ ಅರ್ಜಿ, ಮಂಗಳವಾರ ಬನ್ನಿ.