ಎಚ್‌ಐವಿ ತಡೆಯುವ ಇಂಪ್ಲಾಂಟ್: ದಕ್ಷಿಣ ಆಫ್ರಿಕಾದ ಕ್ಲಿನಿಕ್ ನರ್ಸ್‌ಗಳ ಕೈಗೆ ಕೊಡಬಹುದೇ?

ಪರ

ದಿನಕ್ಕೊಂದು ಪ್ರೆಪ್ ಮಾತ್ರೆ, ಅಂದರೆ ಸೋಂಕು ತಗುಲುವ ಮುನ್ನವೇ ಕೊಡುವ ತಡೆ ಔಷಧ, ನುಂಗಿದರೆ ಎಚ್‌ಐವಿ ತಡೆಯಬಹುದು. ಕಷ್ಟವಿರುವುದು ಆ ಡಬ್ಬಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದರಲ್ಲಿ. ಚೀಲದಲ್ಲಿಟ್ಟರೆ ಗಲಗಲ ಸದ್ದು, ಸಂಗಾತಿಯ ಕಣ್ಣಿಗೆ ಬಿದ್ದರೆ ‘ನಿನಗೇ ರೋಗವಿದೆ’ ಎಂಬ ಮಾತು. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ವಾಯ್ಸ್’ ಪ್ರಯೋಗದಲ್ಲಿ ಬಹುತೇಕ ಹೆಂಗಸರು ಮಾತ್ರೆ ತಪ್ಪಿಸಿಲ್ಲ ಎಂದಿದ್ದರು. ರಕ್ತ ನೋಡಿದರೆ, ಔಷಧ ಸಿಕ್ಕಿದ್ದು ಮೂರನೇ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಅವರನ್ನು ಬೈದು ಫಲವಿಲ್ಲ. ಬಚ್ಚಿಡಬೇಕಾದ ಔಷಧ ಕೊಟ್ಟವರು ನಾವು.

ಇಂಪ್ಲಾಂಟ್ ಎಂದರೆ ಚರ್ಮದಡಿ ಇಡುವ, ಔಷಧ ತುಂಬಿದ ಪುಟ್ಟ ಕಡ್ಡಿ. ಅದು ಯಾರಿಗೂ ಕಾಣುವುದಿಲ್ಲ. ಅದನ್ನು ಹಾಕುವ ಕೆಲಸವೂ ಇಲ್ಲಿನ ನರ್ಸ್‌ಗಳಿಗೆ ಹೊಸದಲ್ಲ. 2014ರಿಂದ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಗರ್ಭನಿರೋಧಕ ಇಂಪ್ಲಾಂಟ್ ಇದೆ: 4 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪ. ಹೆಚ್ಚು ಬಳಸದ ಕೈಯ ತೋಳಿನ ಒಳಬದಿಯಲ್ಲಿ, ಮೊಣಕೈಯ ಒಳಮೂಳೆಯಿಂದ 8–10 ಸೆಂ.ಮೀ. ಮೇಲೆ, ಸ್ನಾಯುಗಳ ನಡುವಿನ ತಗ್ಗಿನಿಂದ 3–5 ಸೆಂ.ಮೀ. ಹಿಂದಕ್ಕೆ ಗುರುತು ಹಾಕಬೇಕು. ಆ ತಗ್ಗಿನಲ್ಲಿ ನರ, ರಕ್ತನಾಳಗಳಿರುವುದರಿಂದಲೇ ಈ ಅಳತೆ. ಜಾಗ ಮರಗಟ್ಟಿಸಲು 2 ಮಿ.ಲೀ. ಲಿಗ್ನೋಕೇನ್ ಕೊಟ್ಟು, ಸೂಜಿಯ ತುದಿ ಮಾತ್ರ ಒಳಗೆ ಹೋದೊಡನೆ ಅದನ್ನು ಚರ್ಮಕ್ಕೆ ಸಮಾನಾಂತರವಾಗಿ ಮಲಗಿಸಿ, ಚರ್ಮವನ್ನು ಮೇಲೆತ್ತುತ್ತಲೇ ಪೂರ್ತಿ ಒಳಕ್ಕೆ ಜಾರಿಸಬೇಕು. ಆಮೇಲೆ ಕಡ್ಡಿಯ ಎರಡೂ ತುದಿಗಳು ಬೆರಳಿಗೆ ಸಿಗಬೇಕು, ಹಾಕಿಸಿಕೊಂಡವಳ ಬೆರಳಿಗೂ.

ಇನ್ನೊಂದು ದೊಡ್ಡ ಲಾಭವಿದೆ. ಎರಡು ತಿಂಗಳಿಗೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುವ 3 ಮಿ.ಲೀ. ಕ್ಯಾಬೊಟೆಗ್ರಾವಿರ್ ಎಂಬ ಎಚ್‌ಐವಿ ತಡೆ ಚುಚ್ಚುಮದ್ದು ಒಮ್ಮೆ ಒಳಗೆ ಹೋದರೆ ವಾಪಸ್ ತೆಗೆಯಲಾಗದು. ನಿಲ್ಲಿಸಿದರೂ ವರ್ಷದಾಚೆಗೆ ಅದರ ಅಂಶ ದೇಹದಲ್ಲಿ ಉಳಿಯಬಹುದು. ಇಂಪ್ಲಾಂಟ್ ಒಗ್ಗದಿದ್ದರೆ 2–3 ಮಿ.ಮೀ. ಸೀಳು ಸಾಕು, ಹೊರಗೆ ಬರುತ್ತದೆ.

ವಿರೋಧ

ಹೊರಗೆ ಬರುತ್ತದೆ, ಆದರೆ ತೆಗೆಯುವವರು ಕ್ಲಿನಿಕ್‌ನಲ್ಲಿ ಇದ್ದರೆ ಮಾತ್ರ. 2014ರ ಗರ್ಭನಿರೋಧಕ ಕಡ್ಡಿಯ ಪಾಠವೇ ಅದು. ಕಡ್ಡಿ ಹಾಕುವ ತರಬೇತಿ ಭರದಿಂದ ನಡೆಯಿತು, ತೆಗೆಯುವ ತರಬೇತಿ ಹಿಂದುಳಿಯಿತು. ತಿಂಗಳುಗಟ್ಟಲೆ ರಕ್ತಸ್ರಾವವಾಗಿ ‘ತೆಗೆಯಿರಿ’ ಎಂದು ಬಂದವರಿಗೆ ‘ಇನ್ನೊಂದು ದಿನ ಬನ್ನಿ’ ಎಂಬ ಉತ್ತರ ಸಿಕ್ಕಿದ್ದುಂಟು. ಮೇಲಾಗಿ ಎಚ್‌ಐವಿ ಚಿಕಿತ್ಸೆಗೆ ಎಫಾವಿರೆಂಜ್ ನುಂಗುತ್ತಿದ್ದವರಲ್ಲಿ ಆ ಮಾತ್ರೆ ಕಡ್ಡಿಯ ಹಾರ್ಮೋನನ್ನೇ ತಗ್ಗಿಸುತ್ತಿತ್ತು. ಅಂಥವರಿಗೆ ಹಾಕಬೇಡಿ ಎಂಬ ಸೂಚನೆ ಬಂದದ್ದು ಯೋಜನೆ ಶುರುವಾದ ಮೇಲೆ. ಹೀಗೆ ಕಳೆದುಕೊಂಡ ನಂಬಿಕೆ ಬೇಗ ಮರಳುವುದಿಲ್ಲ.

ಸೂಜಿ ಸ್ವಲ್ಪ ಓರೆಯಾಗಿ ಇಳಿದರೂ ಕಡ್ಡಿ ಸ್ನಾಯುವಿಗೆ ಸೇರಬಹುದು. ಬೆರಳಿಗೆ ಸಿಗದ ಕಡ್ಡಿಯನ್ನು ಕ್ಲಿನಿಕ್‌ನಲ್ಲಿ ಹುಡುಕಿ ಕೆದಕಲೇಬಾರದು, ನರಕ್ಕೆ ಏಟು ಬೀಳಬಹುದು. ಅಲ್ಟ್ರಾಸೌಂಡ್ ಇರುವ ಆಸ್ಪತ್ರೆಗೇ ಕಳಿಸಬೇಕು. ಹಳ್ಳಿಯ ಹೆಂಗಸಿಗೆ ಅದು ಒಂದು ದಿನದ ಕೂಲಿ, ಜೊತೆಗೆ ಬಸ್ ಚಾರ್ಜು.

ಕಡ್ಡಿಯೊಳಗಿನ ಔಷಧದ್ದು ಇನ್ನೊಂದು ಚಿಂತೆ. ಎಚ್‌ಐವಿ ತಡೆಗೆಂದು ಅನುಮತಿ ಪಡೆದ ಇಂಪ್ಲಾಂಟ್ ಇನ್ನೂ ಒಂದೂ ಇಲ್ಲ. ವರ್ಷವಿಡೀ ಕೆಲಸ ಮಾಡೀತೆಂದು ಎಲ್ಲರೂ ಕಾದಿದ್ದ ಇಸ್ಲಾಟ್ರಾವಿರ್ ಎಂಬ ಔಷಧದ ಕಡ್ಡಿಯ ಪ್ರಯೋಗ 2021ರ ಡಿಸೆಂಬರ್‌ನಲ್ಲಿ ನಿಂತಿತು: ಆ ಔಷಧ ಪಡೆದವರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಎಣಿಕೆ ಇಳಿದಿತ್ತು. ಡರ್ಬನ್‌ನಲ್ಲಿ ಪರೀಕ್ಷಿಸಿದ, ಟೆನೊಫೋವಿರ್ ಅಲಾಫೆನಮೈಡ್ ಎಂಬ ಇನ್ನೊಂದು ಔಷಧದ ಕಡ್ಡಿ ಇಟ್ಟ ಜಾಗದಲ್ಲೇ ತೊಂದರೆ ಕೊಟ್ಟಿತು.

ನನ್ನನ್ನು ಹೆಚ್ಚು ಕಾಡುವುದು ಪರೀಕ್ಷೆಯ ವಿಷಯ. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ನಿಧಾನವಾಗಿ ತಯಾರಿಸುವ ಪ್ರತಿಕಾಯಗಳನ್ನು. ಕಳೆದ ವಾರವಷ್ಟೇ ಸೋಂಕು ತಗುಲಿದ್ದರೆ ಫಲಿತಾಂಶ ‘ನೆಗೆಟಿವ್’. ಅಂಥ ಹೆಂಗಸಿಗೆ ಟೆನೊಫೋವಿರ್ ಕಡ್ಡಿ ಹಾಕಿದೆವೆನ್ನಿ. ಒಂದೇ ಔಷಧ, ವೈರಸ್ ಪೂರ್ತಿ ಸಾಯದು, ಆ ಔಷಧಕ್ಕೆ ಬಗ್ಗದ ಶಕ್ತಿ ಬೆಳೆಸಿಕೊಳ್ಳಬಹುದು. ಅವಧಿ ಮುಗಿದರೂ ತೆಗೆಯದೆ ಉಳಿದ ಕಡ್ಡಿಯಿಂದ ಅಲ್ಪಸ್ವಲ್ಪ ಔಷಧ ಸೋರುತ್ತಿದ್ದರೂ ಇದೇ ಅಪಾಯ. ನಾಳೆ ಅವಳ ಚಿಕಿತ್ಸೆಗೆ ಕೊಡಬೇಕಾದ ಮೂರು ಔಷಧಗಳ ಮಾತ್ರೆಯಲ್ಲೂ ಟೆನೊಫೋವಿರ್ ಇದೆ.

ಈಗ ಬೇರೆ ದಾರಿಯೂ ಇದೆ. ಲೆನಾಕಾಪಾವಿರ್: 26 ವಾರಕ್ಕೊಮ್ಮೆ ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ 1.5 ಮಿ.ಲೀ.ನ ಎರಡು ಚುಚ್ಚುಮದ್ದು. ಆರಂಭದಲ್ಲಿ ಮಾತ್ರ ಎರಡು ದಿನ ಎರಡೆರಡು ಮಾತ್ರೆ. ದಕ್ಷಿಣ ಆಫ್ರಿಕಾ, ಉಗಾಂಡಾಗಳ ‘ಪರ್ಪಸ್ 1’ ಪ್ರಯೋಗದಲ್ಲಿ ಇದನ್ನು ಪಡೆದ 2,134 ಹೆಂಗಸರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಹೈದರಾಬಾದಿನ ಹೆಟೆರೊ ಮತ್ತು ಡಾ. ರೆಡ್ಡೀಸ್ ಕಂಪನಿಗಳ ಜೆನೆರಿಕ್ ಔಷಧ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಸಿಗಲಿದೆ ಎಂಬ ಘೋಷಣೆಯೂ ಆಗಿದೆ. ಇದನ್ನೂ ವಾಪಸ್ ತೆಗೆಯಲಾಗದು, ನಿಜ. ಇದರ ಅಂಶವೂ ನಿಧಾನವಾಗಿಯೇ ಇಳಿಯುತ್ತದೆ, ಪರೀಕ್ಷೆಯ ಎಚ್ಚರ ಇದಕ್ಕೂ ಬೇಕು. ಆದರೆ ಚಾಕು ಬೇಡ, ಹುದುಗಿದ ಕಡ್ಡಿ ಹುಡುಕುವ ಗೋಳಿಲ್ಲ.

ಮುಂದೊಂದು ದಿನ ಒಳ್ಳೆಯ ಇಂಪ್ಲಾಂಟ್ ಬಂದರೂ, ಹಾಕುವ ಪ್ರತಿ ಕ್ಲಿನಿಕ್‌ನಲ್ಲಿ ಮೊದಲು ಚರ್ಮ ಸೀಳುವ 11ನೇ ನಂಬರ್ ಬ್ಲೇಡು, ಕಡ್ಡಿ ಹಿಡಿದೆಳೆಯುವ ಪುಟ್ಟ ಚಿಮಟ (ಮಾಸ್ಕಿಟೊ ಫೋರ್ಸೆಪ್ಸ್) ಇರಬೇಕು. ತಾನೇ ಕಡ್ಡಿ ತೆಗೆದು ಕೈ ಪಳಗಿಸಿಕೊಂಡ ಇಬ್ಬರು ನರ್ಸ್‌ಗಳಿರಬೇಕು. ಒಬ್ಬರು ರಜೆ ಹಾಕಿದ ದಿನವೂ ಬಾಗಿಲಿಗೆ ಬಂದ ಹೆಂಗಸು ಹಾಗೇ ವಾಪಸ್ ಹೋಗಬಾರದು.