ಭಾವನ ವಾಚು

ನಿನ್ನೆ ಗೃಹಪ್ರವೇಶದ ಊಟದಲ್ಲಿ ಭಾವ ಮತ್ತೆ ಶಿಂಜಿಯಾಂಗ್ ಕಥೆ ಶುರು ಮಾಡಿದರು. ಅರ್ಧಕ್ಕೇ ನಿಲ್ಲಿಸಿದರು. ಯಾವಾಗಲೂ ಅಷ್ಟೇ, ಮೊದಲರ್ಧ ಮಾತ್ರ. ಉಳಿದದ್ದನ್ನು ನಾನು ಹೇಳುತ್ತೇನೆ.

ಚೀನಾದ ಪಶ್ಚಿಮದ ಮೂಲೆ ಅದು. ಒಂದು ಕಡೆ ಮರುಭೂಮಿ, ಇನ್ನೊಂದು ಕಡೆ ಹಿಮ ಹೊತ್ತ ತಿಯಾನ್‌ಶಾನ್ ಬೆಟ್ಟಗಳು, ತಪ್ಪಲಲ್ಲಿ ಹುಲ್ಲುಗಾವಲು. ತಲೆನೋವೆಲ್ಲ ಗಡಿಯಾರದ್ದೇ. ಇಡೀ ದೇಶಕ್ಕೆ ಬೀಜಿಂಗ್‌ನದೊಂದೇ ಟೈಮು. ಸೂರ್ಯನಿಗೆ ಅದು ಗೊತ್ತಾಗಬೇಕಲ್ಲ! ಜುಲೈನಲ್ಲಿ ಅವನು ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಹಾಗಾಗಿ ಅಲ್ಲಿನ ಎಷ್ಟೋ ಜನ ಎರಡು ಗಂಟೆ ಹಿಂದಿರುವ ಊರಿನ ಟೈಮನ್ನೇ ನಂಬಿ ಬದುಕುತ್ತಾರೆ. ಮೂರನೆಯ ಟೈಮು ಭಾವನ ಕೈಯಲ್ಲಿತ್ತು.

ಮದುವೆಯಲ್ಲಿ ಅಪ್ಪ ಕೊಟ್ಟ ಎಚ್‌ಎಂಟಿ ವಾಚು ಅದು. ದಿನಾ ಕೀ ಕೊಡುತ್ತಾರೆ, ಮುಳ್ಳು ಮಾತ್ರ ಮುಟ್ಟುವುದಿಲ್ಲ. "ಮುಂದೆ ತಿರುಗಿಸಿದರೆ ಊರಿಗೆ ಹೋದ ಮೇಲೆ ಹಿಂದೆ ತಿರುಗಿಸಬೇಕು. ಆಯಸ್ಸು ಕಡಿಮೆಯಾಗುತ್ತೆ" ಅಂದರು. ವಾಚಿನದೋ ಅವರದೋ, ಕೇಳಲಿಲ್ಲ.

ಉರುಮ್ಚಿಯಿಂದ ಹುಲ್ಲುಗಾವಲಿಗೆ ಹೊರಟ ದಿನ. ಡ್ರೈವರ್ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಅಂದಿದ್ದ. ಫೋನ್ ನೋಡಿಕೊಂಡು ನಾನು, ಅಕ್ಕ ಎಂಟಕ್ಕೆ ಸರಿಯಾಗಿ ಗೇಟಿನಲ್ಲಿ ನಿಂತೆವು. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ರಸ್ತೆ ಗುಡಿಸುವವರು ಬಂದರು, ನಮ್ಮ ಕಾಲಿನ ಸುತ್ತಲೂ ಗುಡಿಸಿ ಹೋದರು. ಹತ್ತಕ್ಕೆ ಭಾವ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ಬಿಸ್ಕತ್ತು ಕಡಿಯುತ್ತಾ ಇಳಿದು ಬಂದರು. ಹಿಂದೆಯೇ ಕಾರು! ಡ್ರೈವರ್ ನಗುತ್ತಾ ತನ್ನ ಗಡಿಯಾರ ತೋರಿಸಿದ. ಸರಿಯಾಗಿ ಎಂಟು. ಭಾವನ ವಾಚಿನಲ್ಲಿ ಏಳೂವರೆ. "ನೋಡು, ನಮಗೂ ಇವರಿಗೂ ಅರ್ಧ ಗಂಟೆ ವ್ಯತ್ಯಾಸ, ಅಷ್ಟೇ. ನೀವು ಸುಮ್ನೆ ನಿಂತಿರಿ." ಈ ಮಾತನ್ನು ಕುದುರೆಗಳಿಗೂ ಹೇಳಿದರು, ಹುಲ್ಲಿಗೂ ಹೇಳಿದರು.

ಅವರ ಕಥೆ ಇಲ್ಲಿಗೆ ಮುಗಿಯುತ್ತದೆ.

ಮುಂದೆ ತುರ್ಫಾನ್. ಅಲ್ಲಿನ ತಗ್ಗು ಸಮುದ್ರಮಟ್ಟಕ್ಕಿಂತ 154 ಮೀಟರ್ ಕೆಳಗಿಳಿಯುತ್ತದೆ. ಅಷ್ಟರಲ್ಲಿ ನನ್ನ ಮಾತಿನ ಬೆಲೆ ಅದಕ್ಕಿಂತ ಕೆಳಗಿತ್ತು. ಮಳೆಯೇ ಇಲ್ಲದ ಊರಿನಲ್ಲಿ ಎಲ್ಲಿ ನೋಡಿದರೂ ದ್ರಾಕ್ಷಿ. ಬೆಟ್ಟದ ಹಿಮ ಕರಗಿದ ನೀರು ನೆಲದಡಿಯ ಕರೇಜ್ ಕಾಲುವೆಗಳಲ್ಲಿ ತಾನಾಗಿ ಹರಿದು ಬರುತ್ತದೆ. ಒಳಗಿಳಿದರೆ ತಣ್ಣಗೆ. ಅಕ್ಕ ನೀರಿಗೆ ಕೈಯಿಟ್ಟು ಸುಮ್ಮನೆ ಕೂತಳು. ಅಪ್ಪನಿಗೆ ಬೀದರಿಗೆ ವರ್ಗವಾಗಿದ್ದಾಗ ನೌಬಾದಿನ ಸುರಂಗ ಬಾವಿಗೆ ಕಲ್ಲು ಹಾಕಿ, ಸದ್ದು ಬರುತ್ತಾ ಅಂತ ಕಿವಿಗೊಡುತ್ತಿದ್ದೆವು. ಅದೂ ಇಂಥದ್ದೇ ಕರೇಜ್, ಬಹಮನಿ ಸುಲ್ತಾನರ ಕಾಲದ್ದು. ಅಪ್ಪ ಬೈದು ಎಳೆದುಕೊಂಡು ಹೋಗುತ್ತಿದ್ದರು. ಇಬ್ಬರಿಗೂ ಅದೇ ನೆನಪಾಗಿತ್ತು. ಇಬ್ಬರೂ ಮಾತಾಡಲಿಲ್ಲ.

ಟಿಕೆಟ್ಟಿನಲ್ಲಿ ರೈಲು ಮಧ್ಯಾಹ್ನ ಎರಡಕ್ಕೆ ಅಂತಿತ್ತು. ಹನ್ನೆರಡೂವರೆಗೇ ಎದ್ದು ಹೊರಡೋಣ ಅಂದೆ. ಚಪ್ಪರದ ಕೆಳಗೆ ಕಾಲು ಚಾಚಿದ್ದ ಭಾವ ವಾಚು ನೋಡಿದರು. "ಡ್ರೈವರ್ ಯಾವ ಟೈಮಿಗೆ ಬಂದ? ಊರಿನ ಟೈಮಿಗೆ. ರೈಲೂ ಊರಿನದೇ ಅಲ್ವಾ? ಇನ್ನೂ ಜಾಸ್ತಿ ಹೊತ್ತಿದೆ, ದ್ರಾಕ್ಷಿ ತಿನ್ನು."

ತಿಂದೆವು.

ರೈಲು ಬೀಜಿಂಗ್ ಟೈಮಿನದು. ನಾವು ಸ್ಟೇಷನ್ ಮುಟ್ಟಿದಾಗ ಅಲ್ಲಿನ ಗಡಿಯಾರದಲ್ಲಿ ಮೂರು. ಭಾವನ ವಾಚಿನಲ್ಲಿ ಹನ್ನೆರಡೂವರೆ. ಅವರು ಅದನ್ನು ಕಿವಿಗಿಟ್ಟು ಕೇಳಿ, "ನಡೀತಿದೆಯಲ್ಲ" ಅಂದರು.

ನಿನ್ನೆ ಡ್ರೈವರ್ ನಕ್ಕ ಜಾಗಕ್ಕೆ ಪಂಕ್ತಿಯೆಲ್ಲ ನಕ್ಕಿತು. "ಆಮೇಲೆ ತುರ್ಫಾನಿನಲ್ಲಿ..." ಅಂತ ನಾನು ಬಾಯಿ ತೆರೆದೆ. ಬಡಿಸುತ್ತಿದ್ದ ಅಕ್ಕ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.